ಪಟ್ಟದ ರಾಜನ ದಾರದ ಕಿರೀಟ

ನನ್ನದು ಮುಂಗೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳೋದೆಲ್ಲ ಅದರಿಂದಲೇ ಆದದ್ದು. ಹತ್ತಿರ ಹತ್ತಿರ ಮೂವತ್ತು ವರ್ಷ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಗೂ ಜನರ ಮೇಲೆ ಎಗರಾಡಿದವನು ನಾನು. ಎರಡು ಸಾವಿರದ ಇಸವಿಯ ಆಚೀಚೆ ವಿಆರ್‌ಎಸ್ ತಗೊಂಡು ಜಯನಗರದ ಮನೆಯಲ್ಲಿ ಕೂತಾಗ, ಎಗರಾಡೋದಕ್ಕೆ ಉಳಿದವರು ಇಬ್ಬರೇ. ಹೆಂಡತಿ ಮತ್ತು ಅಮ್ಮ.

ಹೆಂಡತಿ ಜಗ್ಗುವವಳಲ್ಲ. ಕಿಟಕಿ ಪಕ್ಕ ಜಿಗ್‌ಜಾಗ್ ಮಿಷಿನ್ ಇಟ್ಟುಕೊಂಡು ಅಕ್ಕಪಕ್ಕದವರ ಸೀರೆಗೆ ಫಾಲ್ ಹಾಕುತ್ತ, ಬ್ಲೌಸಿಗೆ ಎಂಬ್ರಾಯಿಡರಿ ಮಾಡುತ್ತ ಇದ್ದಳು. ಅಮ್ಮನ ಮೇಲೆ ಮಾತ್ರ ಆ ವರ್ಷ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ವಾಪಸು ಬರಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಬೆಳಕು ಯಾವ ಕಡೆ ಅನ್ನೋದು ಗೊತ್ತಾಗುತ್ತಿತ್ತು, ಅಷ್ಟೆ. ನಾವು ಮೊದಲು ಈಳಿಗೆಮಣೆ ಎತ್ತಿಟ್ಟೆವು. ಆಮೇಲೆ ಒಲೆ ಹತ್ತಿರ ಬಿಡಲಿಲ್ಲ. ಹೂ ಕಟ್ಟೋಕೆ ಕೂತರೂ, ‘ನೀನ್ಯಾಕೆ ಕಷ್ಟಪಡ್ತೀಯಮ್ಮ, ಆರಾಮಾಗಿ ಕೂತ್ಕೋ’ ಅಂತ ಬುಟ್ಟಿ ಈಚೆಗೆ ಎಳೆದುಕೊಳ್ಳೋದು. ಎಳೇ ಮಗುವಿನ ಹತ್ತಿರ ಮಾತಾಡಿದ ಹಾಗೆ ಮೆತ್ತಗೆ ಮಾತಾಡೋದು. ಅದನ್ನೇ ಪ್ರೀತಿ ಅಂದುಕೊಂಡಿದ್ದೆವು.

ನಮ್ಮನೆಯಲ್ಲಿ ದಸರಾ ಅಂದರೆ ಅಮ್ಮನದು. ಮದುವೆಯಲ್ಲಿ ತವರಿಂದ ಬಂದ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಮೊಳಕ್ಕೆ ಸ್ವಲ್ಪ ಕಮ್ಮಿ ಎತ್ತರ. ಪ್ರತಿ ವರ್ಷ ಅವಕ್ಕೆ ಹೊಸ ಬಟ್ಟೆ, ಹೊಸ ಕಿರೀಟ, ಹಿಂದುಗಡೆ ಒಂದು ಪರದೆ. ಶ್ರಾವಣ ಮುಗಿಯೋದೇ ತಡ, ಮಣಿ, ಜರಿ, ಚಮಕಿ ಎಲ್ಲ ಹರಡಿಕೊಂಡು ಕೂತುಬಿಡೋಳು. ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ, ‘ಈ ಸಲ ಗೊಂಬೆ ಬೇಡ ಕಣೋ. ಕಣ್ಣಿಲ್ಲದೋಳು ಕೂರಿಸಿ ಏನು ಚೆಂದ’ ಅಂದಳು. ಕೂರಿಸೋ ಮನೇಲಿ ಒಂದು ವರ್ಷವೂ ತಪ್ಪಿಸಬಾರದು ಅಂತ ಹೇಳಿಕೊಟ್ಟಿದ್ದವಳೇ ಅವಳು! ‘ನಾನಿಲ್ವೇನಮ್ಮ? ಎಲ್ಲ ನಾನೇ ಮಾಡ್ತೀನಿ, ನೀನು ಸುಮ್ನೆ ಕೂತಿರು’ ಅಂದೆ.

ಪರದೆ ಸುಲಭವಾಗಿ ಆಯಿತು. ಅಮ್ಮನ ಹಳೇ ರೇಷ್ಮೆ ಸೀರೆಯೊಂದು ಮಡಿಕೆ ಮಡಿಕೆಯಲ್ಲೂ ಸೀಳಿತ್ತು. ಅದರಿಂದ ಆನೆ ಕತ್ತರಿಸಿ, ಸೆರಗಿನ ಜರಿಯಿಂದ ಅಂಬಾರಿ ಕತ್ತರಿಸಿ, ಕೆಂಪು ಬಟ್ಟೆಯ ಮೇಲಿಟ್ಟು ಅಂಚಿನ ಸುತ್ತ ಒತ್ತಾಗಿ ಜಿಗ್‌ಜಾಗ್ ಹೊಡೆದೆ. ‘ಪರವಾಗಿಲ್ವೇ, ಆನೆ ಆನೆ ಥರಾನೇ ಇದೆ’ ಅಂದಳು ಹೆಂಡತಿ. ನನಗೆ ಕೋಡು ಮೂಡಿತು. ಕಿರೀಟವನ್ನು ಬಟ್ಟೆಯೇ ಇಲ್ಲದೆ ಬರೀ ದಾರದಲ್ಲಿ ಮಾಡುತ್ತೇನೆ ಅಂತ ಹೊರಟೆ.

ಅದಕ್ಕೇ ಅಂತ ಒಂದು ಹಾಳೆ ಬರುತ್ತದೆ, ತೆಳ್ಳಗೆ, ಪ್ಲಾಸ್ಟಿಕ್ಕಿನ ಹಾಗೆ. ಅದನ್ನು ರಿಂಗಿಗೆ ಬಿಗಿದು, ಮೇಲೆ ಎಂಬ್ರಾಯಿಡರಿ ಮಾಡಿ ನೀರಿಗೆ ಹಾಕಿದರೆ ಹಾಳೆ ಕರಗಿಹೋಗಿ ದಾರದ ಕೆಲಸ ಮಾತ್ರ ಉಳಿಯುತ್ತದೆ. ಗಾರ್ಮೆಂಟ್ಸಿಗೆ ಸಾಮಾನು ಕೊಡೋ ಅಂಗಡಿಯೊಂದರಲ್ಲಿ ಮೂರು ತುಂಡು ಸಿಕ್ಕಿತ್ತು. ‘ದಾರಕ್ಕೆ ದಾರ ಸಿಕ್ಕಿಹಾಕ್ಕೋಬೇಕು ರೀ, ಮೊದಲು ಬಲೆ ಥರ ಹೊಲೀರಿ’ ಅಂತ ಹೆಂಡತಿ ಅಂದಳು. ಟೂಲ್‌ರೂಮಿನವನಿಗೆ ಪಾಠ ಹೇಳ್ತಾಳೆ! ನಾನು ಸ್ಕೇಲಿಟ್ಟು ಗೆರೆ ಎಳೆದು, ಒಂದಕ್ಕೊಂದು ತಾಕದ ಹಾಗೆ ನೀಟಾಗಿ ಹೊಲಿದೆ. ನೀರಿಗೆ ಹಾಕಿದ್ದೇ ಹಾಳೆ ಕರಗಿತು, ಕಿರೀಟವೂ ಹೋಯಿತು, ಬೋಗುಣಿಯಲ್ಲಿ ಹಳದಿ ಶಾವಿಗೆ ಉಳಿಯಿತು. ‘ಪಾಯಸಕ್ಕೆ ಸಕ್ಕರೆ ಹಾಕ್ಲಾ?’ ಅಂದಳು ಪುಣ್ಯಾತ್ಗಿತ್ತಿ. ಎರಡನೆಯದಕ್ಕೆ ಬಲೆ ಹಾಕಿದೆ, ಆದರೆ ಅಂಚು ಒಂದು ಕಡೆ ಬಲೆಗೆ ಸಿಕ್ಕಿರಲಿಲ್ಲ. ಅಲ್ಲಿಂದಲೇ ಬಿಚ್ಚಿಕೊಂಡಿತು.

ಮೂರನೆಯದೇ ಕೊನೇ ಹಾಳೆ. ನಾಲ್ಕು ದಿನ ಬಗ್ಗಿಸಿದ ತಲೆ ಎತ್ತಲಿಲ್ಲ. ಮೊದಲು ಅಡ್ಡ ಉದ್ದ ಬಲೆ, ಅದರ ಮೇಲೆ ಎದುರುಬದುರು ಎರಡು ನವಿಲು, ನಡುವೆ ಒಂದು ಕಮಲ. ಮಹಾಲಯ ಅಮಾವಾಸ್ಯೆ ಬಂತು, ಮಾರನೆ ದಿನ ಗೊಂಬೆ ಕೂರಬೇಕು. ಹೊಲಿದು ಮುಗಿದಿತ್ತು, ಸುತ್ತಲಿನ ಹಾಳೆ ಕತ್ತರಿಸಿಯೂ ಆಗಿತ್ತು. ನೀರಿಗೆ ಹಾಕೋದಕ್ಕೆ ಮಾತ್ರ ಧೈರ್ಯ ಇಲ್ಲ. ಹಾಳೆ ಸಮೇತ ಇಟ್ಟರೆ ಯಾರಿಗೆ ಗೊತ್ತಾಗುತ್ತೆ ಅಂತ ನನಗೆ ನಾನೇ ಹೇಳಿಕೊಂಡು, ಗೊಂಬೆ ಬಟ್ಟೆಗಳ ತಟ್ಟೆಯಲ್ಲಿ ಅದನ್ನೂ ಇಟ್ಟು, ಹೂ ತರೋಕೆ ನಾಲ್ಕನೇ ಬ್ಲಾಕಿಗೆ ಹೋದೆ.

ವಾಪಸು ಬಂದಾಗ ಅಮ್ಮ ದೇವರ ಮನೆ ಮುಂದೆ ಕೂತಿದ್ದಳು. ಪಕ್ಕದಲ್ಲಿ ತಟ್ಟೆ, ಎದುರಿಗೆ ಬೋಗುಣಿ ತುಂಬ ನೀರು. ರಾಜನ ಪಂಚೆ, ರಾಣಿಯ ಸೀರೆ ಆಗಲೇ ಹಿಂಡಿಟ್ಟಿದ್ದಳು. ಹೊಸ ಬಟ್ಟೆಯನ್ನು ನೀರಿಗದ್ದಿ ಮಡಿ ಮಾಡದೆ ಅವಳು ಯಾವತ್ತೂ ಗೊಂಬೆಗೆ ಉಡಿಸಿದವಳಲ್ಲ. ಅದು ನನಗೆ ಮರೆತೇ ಹೋಗಿತ್ತು. ಈಗ ಅವಳ ಎರಡೂ ಕೈ ನೀರೊಳಗಿದ್ದವು, ಕೈಯಲ್ಲಿ ಕಿರೀಟ.

‘ಕಣ್ಣು ಕಾಣಲ್ವೇನಮ್ಮಾ ನಿಂಗೆ!’ ಅಂತ ಕಿರುಚಿಬಿಟ್ಟೆ.

ಸೌಟು ಹಿಡಿದು ಓಡಿಬಂದ ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತಳು. ನನ್ನ ನಾಲಿಗೆ ಸೇದಿಹೋಗಬಾರದಿತ್ತಾ ಅನ್ನಿಸಿತು. ಅಮ್ಮ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, ‘ಇಲ್ಲಪ್ಪ, ಕಾಣಲ್ಲ’ ಅಂದಳು. ಊಟ ಆಯ್ತಾ ಅಂದರೆ ಇಲ್ಲ ಅನ್ನೋ ಹಾಗೆ. ಕೈ ಮಾತ್ರ ನೀರಲ್ಲಿ ಆಡುತ್ತಲೇ ಇತ್ತು.

‘ಅದೇನು ಗಂಜಿ ಇಷ್ಟೊಂದು ಹಾಕಿದ್ದೀಯೋ, ಅಂಟಂಟು. ತೊಳೆದೆ, ಹೋಯ್ತು ನೋಡು’ ಅಂತ ಮೇಲಕ್ಕೆತ್ತಿದಳು.

ಇಡೀ ಕಿರೀಟ. ಒಂದೆಳೆ ಬಿಟ್ಟಿರಲಿಲ್ಲ. ಹಾಳೆ ಇದ್ದ ಜಾಗದಲ್ಲೆಲ್ಲ ಬಾಗಿಲ ಕಡೆಯ ಬೆಳಕು ತೂರಿ ಬರುತ್ತಿತ್ತು. ಅಮ್ಮ ಹೆಬ್ಬೆರಳಿಂದ ನಿಧಾನವಾಗಿ ಸವರಿ, ‘ನವಿಲಾ? ಚೆನ್ನಾಗಿದೆ. ಒಂದರ ಕೊಕ್ಕು ಮೊಂಡಾಗಿದೆಯಲ್ಲೋ’ ಅಂದಳು. ಬಗ್ಗಿ ನೋಡಿದೆ. ಮೊಂಡೇ. ನಾಲ್ಕು ದಿನದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ‘ಹಾಗನ್ನಬಾರದಿತ್ತಮ್ಮ, ತಪ್ಪಾಯ್ತು’ ಅಂದೆ.

‘ಬೈದರೆ ಬೈಯಿ, ನಿನ್ನ ಬುದ್ಧಿ ನಂಗೊತ್ತಿಲ್ವಾ’ ಅಂದಳು. ಕಿರೀಟವನ್ನು ಸೆರಗಿಗೆ ಒತ್ತಿ ಒರೆಸುತ್ತ ಮತ್ತೆ ಹೇಳಿದಳು: ‘ಕೆಲಸ ಮಾತ್ರ ಕಿತ್ಕೋಬೇಡ್ರೋ. ಈ ನೀರಿಗದ್ದೋದು ಒಂದು ಉಳಿದಿತ್ತು ನಂಗೆ. ಅದೂ ನೀವು ಮರೆತಿದ್ರಿಂದ.’

ಹೆಂಡತಿ ಬಂದು, ನಾನು ತಂದ ಹೂವಿನ ಬುಟ್ಟಿಯನ್ನು ಅಮ್ಮನ ಪಕ್ಕಕ್ಕೆ ಸರಿಸಿದಳು.

ಬಟ್ಟೆ ಒಣಗಿದ ಮೇಲೆ ನಾನು ಪೆಟ್ಟಿಗೆಯಿಂದ ರಾಜನನ್ನೂ ರಾಣಿಯನ್ನೂ ತೆಗೆದು ಅವಳ ತೊಡೆ ಮೇಲಿಟ್ಟೆ. ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಕಿರೀಟದ ಎರಡು ತುದಿ ಸೇರಿಸಿ ಅವಳೇ ಹೊಲಿದಳು, ಬೆರಳಿಗೆ ಎರಡು ಸಲ ಚುಚ್ಚಿಕೊಂಡಳು. ರಾಣಿಯ ನೆರಿಗೆ ಕೂರಲಿಲ್ಲ ಅಂತ ಬಿಚ್ಚಿ ಬಿಚ್ಚಿ ಉಡಿಸಿದಳು. ನನ್ನ ಕೈ ತುರಿಸುತ್ತಿತ್ತು. ಎರಡನ್ನೂ ತೊಡೆ ಕೆಳಗೆ ಒತ್ತಿಕೊಂಡು ಕೂತಿದ್ದೆ.

ಕೊನೆಗೆ ರಾಜನ ತಲೆಗೆ ಕಿರೀಟ ಇಟ್ಟು, ‘ಸೊಟ್ಟ ಇದೆಯೇನೋ?’ ಅಂತ ಕೇಳಿದಳು.

ಸ್ವಲ್ಪ ಸೊಟ್ಟ ಇತ್ತು. ಒಂದು ವಾರದ ಹಿಂದಾಗಿದ್ದರೆ ಇಲ್ಲಮ್ಮ, ಸರಿಯಾಗಿದೆ ಅಂದು, ಅವಳು ಆ ಕಡೆ ಹೋದ ಮೇಲೆ ನಾನೇ ನೆಟ್ಟಗೆ ಮಾಡುತ್ತಿದ್ದೆ.

‘ಇದೆ ಕಣಮ್ಮ. ಎಡಕ್ಕೆ ಸರಿಸು’ ಅಂದೆ.

ಅವಳೇ ಸರಿಸಿದಳು.