ಅಮ್ಮ ಹೇಳಿದ್ದು ನನಗಲ್ಲ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕರ್ನೂಲು ಜಿಲ್ಲೆಯ ನಾಗಲದಿನ್ನೆಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ವಿಧವೆ ತಾಯಿ ಜೊತೆಗಿದ್ದಳು. ಆಗ ಸರ್ಕಾರದವರು ಊರಿಗೊಬ್ಬರಂತೆ ಆರೋಗ್ಯ ಕಾರ್ಯಕರ್ತರನ್ನು ಆರಿಸಿದರು. ನಮಗೆ ಸಿಕ್ಕವಳು ಕೇರಿಯ ಕೂಲಿ ಹೆಂಗಸು. ಒಂದಿಷ್ಟು ತರಬೇತಿ, ಕೈಗೊಂದು ಔಷಧಿ ಪೆಟ್ಟಿಗೆ, ಅಷ್ಟೇ. ನಾನೋ ಓದಿ ಪಾಸಾದವಳು. ಆಕೆಯನ್ನು ಕಂಡರೆ ಮೊದಲಿನಿಂದಲೂ ನನಗಾಗುತ್ತಿರಲಿಲ್ಲ.

ಗರ್ಭಕೋಶದ ಕ್ಯಾನ್ಸರ್ ಕೇರಿಯಲ್ಲಿ ಗೊತ್ತಾಗುತ್ತಿದ್ದುದೇ ಕೈಮೀರಿದ ಮೇಲೆ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಾಣಿಸಿತೇ ಎಂದು ನಾನು ಬಾಗಿಲಲ್ಲಿ ನಿಂತು, ರಿಜಿಸ್ಟರ್ ಬಿಚ್ಚಿ ಕೇಳುತ್ತಿದ್ದೆ. "ಏಂ ಲೇದಮ್ಮಾ, ಏನೂ ಇಲ್ರಿ" ಎನ್ನುತ್ತಿದ್ದರು. ಆಕೆ ಶೇಂಗಾ ಹೊಲದಲ್ಲಿ ಅವರ ಸಾಲಿನಲ್ಲೇ ಕೂತು ಕಳೆ ಕೀಳುತ್ತ ಕೇಳುತ್ತಿದ್ದಳು. ಹೌದೆಂದ ಇಬ್ಬರನ್ನು ಬಸ್ಸು ಹತ್ತಿಸಿ ಆದೋನಿಯ ಆಸ್ಪತ್ರೆಗೂ ಕರೆದೊಯ್ದಳು. ಡಾಕ್ಟರು ನನ್ನೆದುರೇ ಆಕೆಯನ್ನು ಹೊಗಳಿದರು. ಹೊಟ್ಟೆ ಉರಿದುಹೋಯಿತು.

ವಾರಕ್ಕೊಮ್ಮೆ ಆಕೆ ನಮ್ಮ ಮನೆಗೆ ವರದಿ ಹೇಳಲು ಬರುತ್ತಿದ್ದಳು. ಅಮ್ಮನ ಮಡಿಯಿಂದಾಗಿ ಹಿತ್ತಲ ಗೋಡೆಯಾಚೆಯೇ ನಿಲ್ಲಬೇಕು. ನನಗೂ ಅದೇ ಬೇಕಾಗಿತ್ತು. ಬೇಕೆಂದೇ ಕಾಯಿಸುತ್ತಿದ್ದೆ. ನಾನು ಕಾಯಿಸಿದಷ್ಟು ಹೊತ್ತೂ ಅಮ್ಮ ತುಳಸಿಗೆ ನೀರು ಹಾಕುವ ನೆಪದಲ್ಲಿ ಆಕೆಯೊಂದಿಗೆ ಮಾತಾಡುತ್ತಿದ್ದಳು.

ಒಂದು ಬೆಳಿಗ್ಗೆ ಆಕೆ ವರದಿಯ ಮಾತೇ ಎತ್ತಲಿಲ್ಲ.

"ನಿಮ್ಮ ಅಮ್ಮಗ ನಾಕು ತಿಂಗಳಿಂದ ಮತ್ತ ಕಾಣಸಾಕತ್ತೈತಂತ್ರಿ. ಇವತ್ತೇ ಕರ್ನೂಲಿಗೆ ಹೋಗೋಣ್ರಿ, ನಾನೂ ಬರ್ತೀನಿ. ಲೇಟ್ ಮಾಡಬ್ಯಾಡ್ರಿ."

ಒಳಗೆ ಹೋಗಿ ಅಮ್ಮನನ್ನು ಕೇಳಿದೆ. "ಮನ್ಯಾಗ ನರ್ಸ್ ನಾ ಇದ್ದೀನಿ. ಆಕಿಗ್ಯಾಕ ಹೇಳಿದಿ?"

ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ. "ನಿನಗ ಹೇಳಿದ್ರ ನನ್ನ ಹೊರಗ ಕೂಡಿಸ್ತಿದ್ದಿ. ಅಡಿಗಿ, ಪೂಜಿ ಎಲ್ಲಾ ತಪ್ಪತಿತ್ತು. ಆಕಿ ಹೆಂಗೂ ಹೊರಗ ನಿಂತಾಕಿ."

ಅಮ್ಮ ಹೇಳಿದ್ದು ನಿಜ. ಕೆಲಸದಲ್ಲಿ ಎಷ್ಟು ಹೆರಿಗೆ ಮಾಡಿಸಿದರೂ ತಿಂಗಳಿಗೆ ಮೂರು ದಿನ ನಾನೂ ಹೊರಗೇ ಕೂರುತ್ತಿದ್ದೆ. ಗೊತ್ತಾಗಿದ್ದರೆ ಅಮ್ಮನನ್ನೂ ಕೂರಿಸುತ್ತಿದ್ದೆ. ಆದರೂ ಆ ಹೊತ್ತಿನಲ್ಲಿ ನನ್ನನ್ನು ಸುಟ್ಟದ್ದು ಅಮ್ಮನ ಕಾಯಿಲೆಯಲ್ಲ, ಅವಳು ಅದನ್ನು ಆಕೆಗೆ ಹೇಳಿದ್ದು.

ಕರ್ನೂಲಿನಲ್ಲಿ ಗರ್ಭಕೋಶ ತೆಗೆದರು. ಗಡ್ಡೆ ಇನ್ನೂ ಹಬ್ಬಿರಲಿಲ್ಲ. ಅಮ್ಮ ಬದುಕಿದಳು.

ಅಮ್ಮನಿಗೆ ಎಚ್ಚರವಾದಾಗ ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ. ಅಮ್ಮ ನನ್ನನ್ನು ನೋಡಿ, ಆಮೇಲೆ ಬಾಗಿಲ ಕಡೆ ನೋಡಿದಳು.

"ಆಕಿ ಬಂದಿಲ್ಲೇನು?"

"ಇಲ್ಲ, ಊರಾಗ ಅದಾಳ" ಎಂದೆ.

ಆಕೆ ಎರಡು ದಿನದಿಂದ ಆಸ್ಪತ್ರೆಯ ಹೊರಗೆ ಬೇವಿನ ಮರದಡಿ ಕೂತಿದ್ದಳು. ಕರೆಯುವವರೆಗೆ ಒಳಗೆ ಬರಬೇಡ ಎಂದು ಕೂರಿಸಿ ಬಂದವಳು ನಾನೇ.