ರೊಪ್ಪದೊಳಗಿನ ಚುಕ್ಕಿಗಳ ಲೆಕ್ಕ

ಗಾದ್ರಮ್ಮನಿಗೆ ಎಡಗಣ್ಣಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಕುರಿಗೆ ಜಾಲಿಕಾಯಿ ಉದುರಿಸುವಾಗ ಮುಳ್ಳು ಹೊಕ್ಕಿತು. ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಮೂರು ದಿನ ಕಳೆದಿತ್ತು.

ಭಾನುವಾರ, ಬೆಳಗಿನ ಐದೂವರೆ. ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆಯ ಬೋಳುಗುಡ್ಡದ ಮೇಲೆ ವಿಶ್ವವಿದ್ಯಾಲಯದ ವೀಕ್ಷಣಾಲಯವಿದೆ. ಅದರ ತಗಡಿನ ಛಾವಣಿಯನ್ನು ಹಳಿಯ ಮೇಲೆ ತಳ್ಳಿ ಮುಚ್ಚಿ, ಗಾದ್ರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ದೂರದರ್ಶಕದ ಕಣ್ಣಿಡುವ ಮಸೂರ. ರಬ್ಬರ್ ಬುಂಡೆಯಿಂದ ಗಾಳಿ ಊದಿ ಧೂಳು ಹಾರಿಸುತ್ತಾರೆ. ಆಮೇಲೆ ಹತ್ತಿಯ ತುದಿಗೆ ಎರಡು ಹನಿ ದ್ರಾವಣ ತಾಗಿಸಿ, ನಡುವಿನಿಂದ ಅಂಚಿಗೆ ಸುತ್ತಿಸುತ್ತಾ ಒರೆಸುತ್ತಾರೆ. ಹತ್ತಿ ಕಪ್ಪಾಗುತ್ತದೆ.

"ಇದು ಕಾಡಿಗೆ," ಎನ್ನುತ್ತಾರೆ. "ಹೆಣ್ಮಕ್ಳು ಜಾಸ್ತಿ ಬಂದಿದ್ರೆ ಕಾಡಿಗೆ, ಗಂಡಸ್ರು ಬಂದಿದ್ರೆ ವಿಭೂತಿ, ಶಾಲೆ ಮಕ್ಳು ಬಂದಿದ್ರೆ ಕೊಬ್ರಿ ಎಣ್ಣೆ. ಗಾಜು ನೋಡಿದ್ರೆ ನಿನ್ನೆ ಯಾರ್ ಬಂದಿದ್ರು ಅಂತ ಹೇಳ್ತೀನಿ."

ಹಿಂದಿನ ರಾತ್ರಿ ಬಂದವರು ಇನ್ನೂರ ಹನ್ನೆರಡು ಮಂದಿ. ಅಕ್ಟೋಬರಿನಿಂದ ಮೇವರೆಗೆ ತಿಂಗಳಿಗೆ ಎರಡು ಶನಿವಾರ ಇಲ್ಲಿ ಸಾರ್ವಜನಿಕರಿಗೆ ಆಕಾಶ ತೋರಿಸುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಂದ ಶಾಲೆಯ ಬಸ್ಸುಗಳು ಬರುತ್ತವೆ. ಗುಡ್ಡಕ್ಕೆ ನೂರಹದಿನಾರು ಮೆಟ್ಟಿಲು. ಒಬ್ಬೊಬ್ಬರಿಗೆ ಸಿಗುವುದು ನಲವತ್ತು ಸೆಕೆಂಡು. ಭೌತಶಾಸ್ತ್ರ ವಿಭಾಗದ ಉಪನ್ಯಾಸಕ ವಿನಯ್ ಕುಮಾರ್ ಯಂತ್ರವನ್ನು ಚುಕ್ಕಿಗೆ ಹೊಂದಿಸುತ್ತಾರೆ, ವಿವರಿಸುತ್ತಾರೆ. ಉಳಿದ ಎಲ್ಲವೂ ಗಾದ್ರಮ್ಮನದು. ಕಾಗದದ ಮೇಲೆ ಅವರು ಗುತ್ತಿಗೆದಾರನ ಕಡೆಯ ಕಸಗುಡಿಸುವವರು, ಹದಿನಾಲ್ಕು ವರ್ಷದಿಂದ.

ಕಸಗುಡಿಸುವ ಹೆಂಗಸು ದೂರದರ್ಶಕದ ಪಕ್ಕಕ್ಕೆ ಬಂದು ನಿಂತದ್ದು ಹೇಗೆ ಎಂದರೆ, ಅದಕ್ಕೂ ಕಣ್ಣೇ ಕಾರಣ. ನಮ್ಮಲ್ಲಿ ಅನೇಕರಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ಒಂದನ್ನು ಮುಚ್ಚಹೋದರೆ ಎರಡೂ ಮುಚ್ಚುತ್ತವೆ. ಮೊದಲ ವರ್ಷ ಜನ ಸಾಲಾಗಿ ಬಂದು, ತಮ್ಮದೇ ರೆಪ್ಪೆಯ ಕತ್ತಲನ್ನು ನೋಡಿ, "ಹ್ಞೂ ಸಾರ್, ಕಾಣ್ತೈತೆ" ಎಂದು ಮರ್ಯಾದೆಗೆ ಹೇಳಿ ಹೋಗುತ್ತಿದ್ದರು. ಮೂಲೆಯಲ್ಲಿ ಪೊರಕೆ ಹಿಡಿದು ನಿಂತ ಗಾದ್ರಮ್ಮನಿಗೆ ಅದು ಗೊತ್ತಾಯಿತು. ಒಂದು ದಿನ ಮುಂದೆ ಬಂದು ಒಬ್ಬಾಕೆಯ ಎಡಗಣ್ಣಿನ ಮೇಲೆ ಅಂಗೈ ಇಟ್ಟರು. ಆಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅವತ್ತು ನಿಜವಾಗಿ ಕಂಡಿತ್ತು.

"ದುರ್ಬೀನಿಗೆ ಒಂದೇ ಕಣ್ಣು ಸಾಕು. ನಿಮ್ದು ಇನ್ನೊಂದು ದಂಡಕ್ಕೆ," ಎಂದು ಇವತ್ತಿಗೂ ಸಾಲಿನಲ್ಲಿ ನಿಂತವರನ್ನು ರೇಗಿಸುತ್ತಾರೆ. ಸುಳ್ಳು ಹೇಳುವವರನ್ನು ಹಿಡಿಯುವುದೂ ಅವರಿಗೆ ಗೊತ್ತು. "ಕಂಡ್ತಾ? ಹಂಗಾದ್ರೆ ಬಳೆ ಅಡ್ಡ ಐತೋ ಉದ್ದ ಐತೋ ಹೇಳ್ರಿ."

ಬಳೆ ಎಂದರೆ ಶನಿಯ ಉಂಗುರ. ಈ ವರ್ಷ ಅದು ಅಂಚಿನ ಕಡೆಯಿಂದ ಕಾಣುತ್ತಿದೆ, ತೆಳ್ಳಗೆ, ಗೆರೆ ಎಳೆದಂತೆ. ಗಾದ್ರಮ್ಮ ಶನಿಯ ಹೆಸರನ್ನು ಮೊದಲೇ ಹೇಳುವುದಿಲ್ಲ. ಶನಿವಾರದ ದಿನ ಶನಿಯನ್ನು ನೋಡಿ ಎಂದರೆ ಅರ್ಧ ಸಾಲು ಮೆಟ್ಟಿಲಿಳಿಯುತ್ತದೆ. "ನೋಡಿ ಆದ್ಮೇಲೆ ಹೇಳ್ತೀನಿ. ಅಷ್ಟೊತ್ತಿಗೆ ನೋಡಿರ್ತಾರೆ, ಏನ್ ಮಾಡಾಕೆ ಆಗ್ತೈತೆ?"

ಮಳೆಯ ಪ್ರಶ್ನೆಯೂ ಪ್ರತಿ ಸಲ ಬರುತ್ತದೆ. ನಿನ್ನೆ ರಾತ್ರಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಿಂದ ಬಂದಿದ್ದ ಸಿದ್ದಲಿಂಗಮ್ಮ ಎಂಬ ಹಿರಿಯರು ಸೆರಗು ಬಿಗಿದು ಕೇಳಿದರು: "ಈಗ ಚಿತ್ತಾ ಮಳೆ ನಡೀತೈತೆ. ಚಿತ್ತಾ ಚುಕ್ಕಿ ಯಾವ್ದು, ತೋರ್ಸವ್ವ."

"ಅದೀಗ ಕಾಣಲ್ಲ ಅಮ್ಮ. ಸೂರ್ಯನ ಜೊತೆಗೆ ಹುಟ್ಟಿ ಸೂರ್ಯನ ಜೊತೆಗೇ ಮುಳುಗ್ತೈತೆ. ಸೂರ್ಯ ಯಾವ ಚುಕ್ಕಿ ಮನೇಲಿರ್ತಾನೋ ಆ ಚುಕ್ಕಿ ಹೆಸ್ರೇ ಮಳೆಗೆ."

ಸಿದ್ದಲಿಂಗಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಂಗಾದ್ರೆ ಮಳೆ ಇದ್ದಾಗ ಚುಕ್ಕಿ ಇಲ್ಲ, ಚುಕ್ಕಿ ಇದ್ದಾಗ ಮಳೆ ಇಲ್ಲ."

"ಹ್ಞೂ. ಯುಗಾದಿಗೆ ಬರ್ರಿ, ತೋರಿಸ್ತೀನಿ."

"ಯುಗಾದಿಗೆ ನಾನಿಲ್ಲಿ ಬಂದ್ರೆ ಅಲ್ಲಿ ಹೋಳಿಗೆ ತಟ್ಟೋರ್ಯಾರು?"

ಅರವತ್ತು ವರ್ಷ ಮಳೆಗಳ ಹೆಸರು ಹಿಡಿದು ಬಿತ್ತಿದವರು ಆ ಚುಕ್ಕಿಗಳಲ್ಲಿ ಒಂದನ್ನೂ ಗುರುತಿಸಲಾರರು. ಇದು ಗಾದ್ರಮ್ಮನಿಗೆ ಇನ್ನೂ ಸೋಜಿಗ. ಅವರಿಗೂ ಇಲ್ಲಿ ಬರುವ ತನಕ ತಿಳಿದಿರಲಿಲ್ಲ.

ಆದರೆ ಅವರ ನಿಜವಾದ ಕೆಲಸ ಒಂದು ನೋಟ್‌ಬುಕ್ಕಿನಲ್ಲಿದೆ. ಸೇರಿದ ವರ್ಷ ವಿನಯ್ ಕುಮಾರ್ ಅದನ್ನು ಕೊಟ್ಟು, ಮೋಡ ಇದೆಯೋ ಇಲ್ಲವೋ ಬರೆದಿಡಲು ಹೇಳಿದ್ದರು. ಗಾದ್ರಮ್ಮ ಮೋಡದ ಜೊತೆ ಇನ್ನೊಂದನ್ನೂ ಬರೆಯತೊಡಗಿದರು. ಅಕ್ಟೋಬರಿನಲ್ಲಿ ನೆತ್ತಿಯ ಪೂರ್ವಕ್ಕೆ ನಾಲ್ಕು ಚುಕ್ಕಿಗಳ ದೊಡ್ಡ ಚೌಕವೊಂದು ಏರುತ್ತದೆ. ಪೂರ್ವಾಭಾದ್ರದ ಎರಡು, ಉತ್ತರಾಭಾದ್ರದ ಎರಡು. ಗಾದ್ರಮ್ಮನಿಗೆ ಅದು ರೊಪ್ಪ, ಕುರಿ ಕೂಡುವ ಬೇಲಿ. ನಾಲ್ಕು ಮೂಲೆಗೆ ನಾಲ್ಕು ಗೂಟ, ಒಳಗೆ ಸಣ್ಣ ಚುಕ್ಕಿಗಳು. ಚಿಕ್ಕಂದಿನಲ್ಲಿ ಪ್ರತಿ ಸಂಜೆ ಅಪ್ಪನ ಅರವತ್ತು ಕುರಿಗಳನ್ನು ಬಾಗಿಲಲ್ಲಿ ನಿಂತು ಎಣಿಸಿ ಒಳಗೆ ಬಿಟ್ಟವರು ಅವರು. ಇದನ್ನೂ ಎಣಿಸಿದರು. ಬರಿಗಣ್ಣಿಗೆ ಹನ್ನೆರಡು. ಮರುವರ್ಷ ಹನ್ನೆರಡು. ಒಂದು ವರ್ಷ ಹನ್ನೊಂದು, ಮತ್ತೆ ಹನ್ನೆರಡು.

ಎರಡು ವರ್ಷದ ಹಿಂದೆ ಗುಡ್ಡದ ಕೆಳಗಿನ ಕ್ರಾಸಿನಲ್ಲಿ ಹೈಮಾಸ್ಟ್ ದೀಪ ಬಂತು. ಆ ಅಕ್ಟೋಬರಿನಲ್ಲಿ ಏಳು. ಕಳೆದ ವರ್ಷ ಆರು.

ದೀಪ ಬೇಡ ಎಂದು ಅವರು ಹೇಳುವುದಿಲ್ಲ. ಸೊಸೆ ಸುಚಿತ್ರಾ ಕೆಲಸ ಮುಗಿಸಿ ಕೊನೆಯ ಬಸ್ಸಿಗೆ ಇಳಿಯುವುದು ಅದೇ ಕ್ರಾಸಿನಲ್ಲಿ. "ದೀಪ ನೆಲಕ್ಕೆ ಬೀಳ್ಲಿ, ಮುಗಿಲಿಗೆ ಯಾಕೆ? ಮ್ಯಾಲೆ ಒಂದು ತಗಡು ಮುಚ್ಚಿದ್ರೆ ಆತು." ಆಗಸ್ಟಿನಲ್ಲಿ ಇಷ್ಟನ್ನೇ ಕೇಳಲು ನೋಟ್‌ಬುಕ್ ಹಿಡಿದು ಪಂಚಾಯಿತಿ ಸಭೆಗೆ ಹೋದರು, ವಿನಯ್ ಕುಮಾರ್ ಜೊತೆಗಿದ್ದರು. ದೀಪ ತರಿಸಿದ ಸದಸ್ಯ ತಿಪ್ಪೇರುದ್ರ ಪುಟ ತಿರುವಿ ನೋಡಿದರು.

"ಗಾದ್ರಕ್ಕ, ಇರೋದು ಒಂದು ಕಣ್ಣು. ಅದ್ಕೂ ಪೊರೆ ಬಂದಿರ್ಬೇಕು. ನಮ್ ದೀಪಕ್ಕೆ ಯಾಕ್ ಬಯ್ತೀಯ?"

ಸಭೆ ನಕ್ಕಿತು. ಗಾದ್ರಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಆ ಮಾತು ನಿಜವಿದ್ದರೂ ಇರಬಹುದು ಎಂದು ಅವರಿಗೇ ಅನ್ನಿಸಿತ್ತು. ನಿಜವಾದರೆ ಎರಡು ವರ್ಷದ ಪುಟಗಳು ಸುಳ್ಳು. ಕಣ್ಣು ಕೆಟ್ಟವಳನ್ನು ದುರ್ಬೀನಿನ ಪಕ್ಕ ಯಾರೂ ನಿಲ್ಲಿಸುವುದಿಲ್ಲ. ಮರುವಾರ ಬಸ್ಸು ಹತ್ತಿ ಜಗಳೂರಿಗೆ ಹೋಗಿ ಕಣ್ಣಿಗೆ ಹನಿ ಹಾಕಿಸಿಕೊಂಡರು. ಪೊರೆ ಇಲ್ಲ, ದೂರದ್ದು ಸರಿಯಾಗಿ ಕಾಣುತ್ತದೆ ಎಂದರು ವೈದ್ಯರು. ಗಾದ್ರಮ್ಮನಿಗೆ ಅದು ಸಾಲಲಿಲ್ಲ. "ಡಾಕ್ಟ್ರು ಗೋಡೆ ಮ್ಯಾಲಿನ ಅಕ್ಷರ ತೋರಿಸಿದ್ರು. ಚುಕ್ಕಿ ತೋರಿಸಲಿಲ್ಲಲ್ಲ."

ಹಾಗಾಗಿ ನಿನ್ನೆ ಶನಿವಾರ ರಾತ್ರಿ, ಅಮಾವಾಸ್ಯೆಗೆ ಮೂರು ದಿನ ಮುಂಚೆ, ಅವರು ಬೇರೆಯವರ ಕಣ್ಣು ಕೇಳಿದರು. ತಾರಸಿಯ ಮೇಲೆ ಜಮಖಾನ ಹಾಸಿ ಇಪ್ಪತ್ತು ಜನರನ್ನು ಮಲಗಿಸಿದರು. ಮೊಬೈಲುಗಳನ್ನು ಬುಟ್ಟಿಗೆ ಹಾಕಿಸಿ, ಕಣ್ಣು ಕತ್ತಲಿಗೆ ಒಗ್ಗಲಿ ಎಂದು ಇಪ್ಪತ್ತು ನಿಮಿಷ ಸುಮ್ಮನಿರಿಸಿದರು. ಆಮೇಲೆ ಕೆಂಪು ಬಟ್ಟೆ ಕಟ್ಟಿದ ಟಾರ್ಚಿನಿಂದ ನಾಲ್ಕು ಗೂಟ ತೋರಿಸಿ ಹೇಳಿದರು: "ಗೂಟ ಬಿಟ್ಟು ಒಳಗಿನವು ಎಣಿಸ್ರಿ. ಪಕ್ಕದೋರಿಗೆ ಹೇಳ್ಬ್ಯಾಡ್ರಿ. ಚೀಟಿ ಬರೆದು ಸಾರ್ ಕೈಗೆ ಕೊಡ್ರಿ." ಜಮಖಾನದ ತುದಿಯಲ್ಲಿ ತಿಪ್ಪೇರುದ್ರರೂ ಇದ್ದರು. ಅವರನ್ನು ಮನೆಗೇ ಹೋಗಿ ಕರೆದು ಬಂದಿದ್ದರು ಗಾದ್ರಮ್ಮ.

ತಾವು ಎಣಿಸಿದ್ದನ್ನು ಎಲ್ಲರಿಗಿಂತ ಮೊದಲೇ ಬರೆದು ಮಡಿಚಿ ಕೊಟ್ಟಿದ್ದರು. ವಿನಯ್ ಕುಮಾರ್ ಚೀಟಿಗಳನ್ನು ಒಂದೊಂದಾಗಿ ಬಿಚ್ಚುವಾಗ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒಂಬತ್ತು, ಹತ್ತು ಎಂದು ಯಾರಾದರೂ ಬರೆದಿದ್ದರೆ ಅಲ್ಲಿಗೆ ಮುಗಿಯಿತು.

ಹನ್ನೊಂದು ಮಂದಿ ಐದು ಬರೆದಿದ್ದರು. ಆರು ಮಂದಿ ನಾಲ್ಕು. ಮೂವರು ಮಾತ್ರ ಆರು. ಆ ಮೂವರಲ್ಲಿ ಒಬ್ಬಳು ಹೊನ್ನಾಳಿಯಿಂದ ಬಂದಿದ್ದ ಒಂಬತ್ತನೆಯ ತರಗತಿಯ ರಕ್ಷಾ. ಏಳು ಯಾರೂ ಬರೆದಿರಲಿಲ್ಲ. ಗಾದ್ರಮ್ಮನ ಚೀಟಿಯಲ್ಲಿ ಐದು.

ತಿಪ್ಪೇರುದ್ರರ ಚೀಟಿಯಲ್ಲಿ ನಾಲ್ಕು. ಅವರು ಸ್ವಲ್ಪ ಹೊತ್ತು ಮೇಲೆ ನೋಡಿದರು, ಆಮೇಲೆ ಕ್ರಾಸಿನ ಕಡೆ ನೋಡಿದರು. "ನನಗೇ ಪೊರೆ ಬಂದೈತೇನೋ ಅಕ್ಕ," ಎಂದರು.

"ಎರಡಕ್ಕೂ ಬಂದಿರ್ಬೇಕು," ಎಂದರು ಗಾದ್ರಮ್ಮ.

ತಗಡು ಮುಚ್ಚಿಸುವ ವಿಷಯ ಮುಂದಿನ ಸಭೆಗೆ ಇಡುತ್ತೇನೆ ಎಂದು ಹೇಳಿ ತಿಪ್ಪೇರುದ್ರ ಮೆಟ್ಟಿಲಿಳಿದಿದ್ದಾರೆ. ಇಡುತ್ತಾರೋ ಇಲ್ಲವೋ ಗೊತ್ತಿಲ್ಲ. ಇಟ್ಟರೂ ಸಭೆ ಒಪ್ಪಬೇಕು. ಗಾದ್ರಮ್ಮ ಅದನ್ನು ನಂಬಿಕೊಂಡು ಕೂತಿಲ್ಲ. "ಎಣಿಸೋದು ನನ್ ಕೆಲ್ಸ. ಕುರಿ ಕಮ್ಮಿ ಬಂದ್ರೆ ಕಮ್ಮಿ ಬಂತು ಅಂತ ಹೇಳ್ಬೇಕು. ಹೇಳ್ದೆ ಬಾಗ್ಲು ಹಾಕಿದ್ರೆ ಅಪ್ಪ ಬಿಡ್ತಿರಲಿಲ್ಲ."

ಪೂರ್ವ ಕೆಂಪಾಗಿದೆ. ಕೆಳಗೆ ಕ್ರಾಸಿನ ದೀಪ ಇನ್ನೂ ಉರಿಯುತ್ತಿದೆ. ಮಸೂರವನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿ, ಗಾದ್ರಮ್ಮ ನೋಟ್‌ಬುಕ್ ತೆರೆಯುತ್ತಾರೆ. ತಾರೀಖು ಬರೆಯುತ್ತಾರೆ. ಮೋಡ ಇಲ್ಲ ಎಂದು ಬರೆಯುತ್ತಾರೆ. ತಮ್ಮದೂ ಸೇರಿ ಇಪ್ಪತ್ತೊಂದು ಚೀಟಿಗಳನ್ನು ಪುಟಕ್ಕೆ ಪಿನ್ನು ಚುಚ್ಚಿ ಸೇರಿಸುತ್ತಾರೆ. ಕೆಳಗೆ, ದಪ್ಪ ಅಕ್ಷರದಲ್ಲಿ, ಮೂರು ಸಾಲು:

ಮೊದಲು ಇದ್ದದ್ದು ಹನ್ನೆರಡು.
ಈಗ ಐದು.
ಹೋದವು ಏಳು.