ಕಾಕಾನ ಹೊತ್ತದ ಟೆಸ್ಟರ್

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಬಚ್ಚಲಮನೆಯ ಬಲ್ಬಿಗೆ ಕಟ್ಟಿದ ಜೇಡರ ಬಲೆ ತೆಗೆಯಲು ಒದ್ದೆ ಬಟ್ಟೆ ಹಿಡಿದು ಸ್ಟೂಲಿನ ಪಕ್ಕದಲ್ಲಿ ನಿಂತಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆಯೇ, "ಸ್ವಿಚ್ ಬಂದ್ ಮಾಡೇನಿ, ಒರಸು" ಎಂದೆ. ಅವಳು ಹತ್ತಲಿಲ್ಲ. "ಖರೇನ ನೋಡೀರೇನು?" ಎಂದಳು. ಸ್ವಿಚ್ ಬಂದ್ ಮಾಡಿದ್ದೆನೇ ಹೊರತು ಬೇರೇನೂ ನೋಡಿರಲಿಲ್ಲ. ಟೆಸ್ಟರ್ ಹುಡುಕುವ ನೆಪದಲ್ಲಿ ಎದ್ದು ಕಪಾಟಿನ ತಳಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಅಮೀನಗಡದ ಕರದಂಟಿನ ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದ ಕೂಡಲೇ ಸೈಕಲ್ ಟ್ಯೂಬಿನ ವಾಸನೆ ಬಂತು. ಅದರ ಹಿಂದೆಯೇ ಸಂಗಪ್ಪ ಕಾಕಾನ ನೆನಪೂ ಬಂತು.

ಸಂಗಪ್ಪ ಕಾಕಾ ನಮ್ಮಪ್ಪನ ತಮ್ಮ. ಇಳಕಲ್ಲಿನಲ್ಲಿ ಕೈಮಗ್ಗದ ನೇಕಾರ. ಕಾಲೇಜು ಓದುವ ಮೂರು ವರ್ಷ ನಾನು ಅವನ ಮನೆಯಲ್ಲೇ ಇದ್ದೆ. ಮನೆಗೆ ಮಿಸ್ತ್ರಿಯನ್ನು ಕರೆಸುವುದೆಂದರೆ ಅವನ ಮಟ್ಟಿಗೆ ಬೇರೆಯವರ ಕೈಯಿಂದ ಊಟ ಮಾಡಿಸಿಕೊಂಡ ಹಾಗೆ. "ದೇವರು ಎರಡು ಕೈ ಯಾಕ ಕೊಟ್ಟಾನ?" ಎಂದು ಕೇಳುತ್ತಿದ್ದ. ಅವನ ದುರಸ್ತಿಗಳನ್ನು ನೋಡಿದ ಮೇಲೆ ಆ ಪ್ರಶ್ನೆ ನನಗೂ ಬರುತ್ತಿತ್ತು. ಸಲಕರಣೆಗಳೆಲ್ಲ ಈ ಕರದಂಟಿನ ಡಬ್ಬಿಯಲ್ಲಿ ಇರುತ್ತಿದ್ದವು. ಬೀಗರು ಬಂದಾಗ ಡಬ್ಬಿಯನ್ನು ನೋಡಿ ಸಿಹಿಯ ಆಸೆಯಿಂದ ಮುಚ್ಚಳ ತೆಗೆದು, ಒಳಗೆ ತಂತಿ ಕತ್ತರಿಸುವ ಪಕ್ಕಡ ಕಂಡು, ಏನೂ ನೋಡಿಲ್ಲದವರ ಹಾಗೆ ಮುಚ್ಚಿಡುತ್ತಿದ್ದರು.

ಮನೆ ದುರಸ್ತಿಯನ್ನು ನೀವೇ ಮಾಡಿಕೊಳ್ಳಬೇಕೆಂದಿದ್ದರೆ ಕಾಕಾನ ಪದ್ಧತಿಯನ್ನು ತಿಳಿದುಕೊಳ್ಳಿ. ನಳ ಸೋರಿದರೆ ವಾಷರ್ ಬದಲಿಸುವ ಮಾತೇ ಇಲ್ಲ. ಮೊದಲು ನಳಕ್ಕೆ ಬೈಯಬೇಕು. ಆಮೇಲೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಮುರಿದ ಕಾಲಿಗೆ ಕಟ್ಟುವಂತೆ ಬಿಗಿಯಬೇಕು. ಸೋರುವುದು ನಿಂತರೆ ವಿದ್ಯೆ, ನಿಲ್ಲದಿದ್ದರೆ ಕೆಳಗೆ ಕೊಡ. ಬಚ್ಚಲಿನ ನಳವನ್ನು ಅವನು ಬಿಚ್ಚಿ ಜೋಡಿಸಿದ ಮೇಲೆ ಅದನ್ನು ಸ್ವಲ್ಪ ಮೇಲೆತ್ತಿ, ಒಳಕ್ಕೆ ಒತ್ತಿ, ಅರ್ಧ ಸುತ್ತು ಎಡಕ್ಕೆ ತಿರುಗಿಸಿದರೆ ಮಾತ್ರ ನೀರು ಬರುತ್ತಿತ್ತು. ಮನೆಯವರಿಗೆ ರೂಢಿಯಾಗಿತ್ತು. ಹುನಗುಂದದಿಂದ ಬಂದ ಬೀಗರೊಬ್ಬರು ಮೈತುಂಬ ಸಾಬೂನು ಹಚ್ಚಿಕೊಂಡ ಮೇಲೆ ಒಳಗಿನಿಂದ ಕೂಗಿ, ಬಾಗಿಲಿನಾಚೆ ನಿಂತ ಕಾಕಾನಿಂದ ಪಾಠ ಹೇಳಿಸಿಕೊಂಡು ಸ್ನಾನ ಮುಗಿಸಿದರು. ಅವರು ಮತ್ತೆ ನಮ್ಮಲ್ಲಿ ವಸ್ತಿ ಮಾಡಲಿಲ್ಲ.

ಇನ್ನು ಈ ಟೆಸ್ಟರ್. ಹಳದಿ ಹಿಡಿಕೆಯದು. ಹಿಡಿಕೆಯೊಳಗಿನ ಸಣ್ಣ ದೀಪ ಹೊತ್ತಿದರೆ ಕರೆಂಟ್ ಇದೆ ಎಂದು ಅರ್ಥ. ಅದು ಹೊತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅದನ್ನು ನಂಬಿದರೆ ಇಳಕಲ್ಲಿಗೆ ಇನ್ನೂ ಕರೆಂಟೇ ಬಂದಿರಲಿಲ್ಲ.

ಕಾಕಾನಿಗೆ ಇಷ್ಟೊಂದು ಧೈರ್ಯ ಬಂದದ್ದು ಕೊಂಡಿಯಿಂದ. ಇಳಕಲ್ ಸೀರೆಯ ಸೆರಗಿಗೆ ಬೇರೆ ಹಾಸು, ಎಂದರೆ ಮಗ್ಗದ ಉದ್ದೆಳೆ; ಮೈಗೆ ಬೇರೆ ಹಾಸು. ಸೆರಗಿನ ಒಂದೊಂದು ಕೆಂಪು ಎಳೆಯನ್ನೂ ಮೈಯ ಒಂದೊಂದು ಎಳೆಗೆ, ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಅದೇ ಕೊಂಡಿ. ಸೀರೆ ಸವೆದರೂ ಕೊಂಡಿ ಬಿಚ್ಚುವುದಿಲ್ಲ. ಬಂದವರ ಮುಂದೆಲ್ಲ ಕಾಕಾ ಇದರ ಮೇಲೆ ಭಾಷಣ ಮಾಡುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು, ಗೋಡೆಗೆ ಒರಗಿ, ತಲೆ ತಗ್ಗಿಸಿ ಕೊಂಡಿ ಹಾಕುತ್ತ ಕೂತಿರುತ್ತಿದ್ದಳು. ಕೇಳುವವರಿಗೆ ಅವಳು ಕಾಣುತ್ತಿರಲಿಲ್ಲ.

ಒಂದು ಸಲ ಹಿತ್ತಲಿನ ಮಗ್ಗದ ಕೋಣೆಗೆ ದೀಪ ಬೇಕಾಯಿತು. ಕಾಕಾ ಮನೆಯಿಂದ ಹೋಗುವ ಹಳೆಯ ವಾಯರಿಗೆ ಹೊಸ ವಾಯರ್ ಕೂಡಿಸಿ, ಕೋಣೆಯಲ್ಲಿ ಬೇರೆಯೇ ಸ್ವಿಚ್ ಇಟ್ಟ. ಕೂಡಿಸಿದ್ದು ಹೇಗೆ? ತಾಮ್ರದ ತಂತಿಗಳನ್ನು ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿದ. ಅಷ್ಟೇ ಅಲ್ಲ. ಹಳೆಯ ಕೆಂಪು ವಾಯರಿಗೆ ಹೊಸ ಕರಿ ವಾಯರು, ಹಳೆಯ ಕರಿಗೆ ಹೊಸ ಕೆಂಪು. ನಾನು ವಿಜ್ಞಾನ ಓದಿದವನೆಂಬ ಜಂಬದಲ್ಲಿ, "ಕಾಕಾ, ಕೆಂಪಿಗೆ ಕೆಂಪು ಹಾಕೂದಲ್ಲೇನು?" ಎಂದೆ.

"ಸೆರಗು ಕೆಂಪು, ಮೈ ಕರಿ. ಕೆಂಪಿಗೆ ಕೆಂಪು ಹಾಕಿದ್ರ ಅದ್ಯಾವ ಸೀರಿ ಆಗ್ತೈತಲೇ?" ಎಂದ.

ನಾನು ವಾಯರಿನ ತುದಿ ಹಿಡಿದುಕೊಟ್ಟೆ. ವಿಜ್ಞಾನ ಓದಿದ್ದು ಪಾಸಾಗುವಷ್ಟೇ.

ಬಲ್ಬು ಹೊತ್ತಿತು. ಆದರೆ ಸಡಿಲ ಕುಣಿಕೆಯಾದ್ದರಿಂದ ಆಗಾಗ ಕಣ್ಣು ಹೊಡೆಯುತ್ತಿತ್ತು. ಮೂರು ಮನೆ ಆಚೆ ಇದ್ದ ಮಾಬುಸಾಬ ಕರೆಂಟಿನ ಕೆಲಸದಲ್ಲಿ ಪಳಗಿದವನು. ದಿನಾ ಸಂಜೆ ಕಾಕಾನ ಜೊತೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಕರೆಯದ ಮನೆಯಲ್ಲಿ ಪಕ್ಕಡ ಹಿಡಿಯುವುದು ಅವನ ಪದ್ಧತಿಯಲ್ಲ. ಬಲ್ಬನ್ನು ನೋಡಿ, "ಸಂಗಪ್ಪಣ್ಣ, ಜಾಯಿಂಟ್ ಒಂಚೂರು ಬಿಗಿ ಮಾಡಿದ್ರ ಛಲೋ" ಎಂದಷ್ಟೇ ಹೇಳಿದ. "ಅದು ಕೊಂಡಿ, ಬಿಚ್ಚಂಗಿಲ್ಲ" ಎಂದ ಕಾಕಾ. ಮಾಬುಸಾಬ ಬಸಿಗೆ ಸುರಿದ ಚಹಾ ಊದುತ್ತ ಕೂತ.

ಕುಣಿಕೆ ಬಿಚ್ಚಲಿಲ್ಲ, ಅದು ಖರೆ. ಆದರೆ ಬಣ್ಣ ಅದಲುಬದಲಾಗಿದ್ದರಿಂದ, ಹೊಸ ಕೆಂಪು ವಾಯರಿಗೆ ಹಾಕಿದ ಸ್ವಿಚ್ ತಡೆಯುತ್ತಿದ್ದದ್ದು ಕರೆಂಟ್ ಬರುವ ವಾಯರನ್ನಲ್ಲ, ಮರಳಿ ಹೋಗುವ ವಾಯರನ್ನು. ದೀಪ ಆರುತ್ತಿತ್ತು, ಕರೆಂಟ್ ಮಾತ್ರ ಹೋಲ್ಡರಿನಲ್ಲಿ ಕಾದುಕೊಂಡೇ ಇರುತ್ತಿತ್ತು. ಇದು ನಮಗೆ ಗೊತ್ತಾದದ್ದು ಯುಗಾದಿಗೆ ಮುಂಚಿನ ಧೂಳು ಹೊಡೆಯುವ ದಿನ. ಕಾಕಾ ಸ್ವಿಚ್ ಬಂದ್ ಮಾಡಿದ, ಬಲ್ಬು ತೆಗೆದ, ಟೆಸ್ಟರ್ ಮುಟ್ಟಿಸಿದ. ಹೊತ್ತಲಿಲ್ಲ. "ಏನೂ ಇಲ್ಲ, ಒರಸು" ಎಂದು ಕಾಕುವಿಗೆ ಹೇಳಿ ಕೆಳಗಿಳಿದ. ದುರಸ್ತಿ ಮಾಡುವುದು ಗಂಡಸರ ಕೆಲಸ, ಒರೆಸುವುದು ಹೆಂಗಸರದು ಎಂಬುದು ಆ ಮನೆಯಲ್ಲಿ ಯಾರೂ ಕೇಳದ ಕಾಯ್ದೆ. ಸ್ಟೂಲಿನ ಮೇಲೆಯೇ ಇದ್ದವನು ಇನ್ನೊಂದು ನಿಮಿಷ ಅಲ್ಲೇ ನಿಂತು ತಾನೇ ಒರೆಸಬಹುದಿತ್ತು. ನಾನೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ, ನನಗೂ ಅದು ಹೊಳೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾಕು ಸ್ಟೂಲ್ ಹತ್ತಿ ಒದ್ದೆ ಬಟ್ಟೆಯನ್ನು ಹೋಲ್ಡರಿಗೆ ಇಟ್ಟಳು. ಕೂಗು ಕೂಡ ಪೂರ್ತಿ ಬರಲಿಲ್ಲ. ಕೆಳಗೆ ಒಟ್ಟಿದ್ದ ನೂಲಿನ ಗಂಟುಗಳ ಮೇಲೆ ಬಿದ್ದಳು, ಅದೇ ಪುಣ್ಯ. ದವಾಖಾನೆಯಲ್ಲಿ ಡಾಕ್ಟರು ನೋಡಿ, ಜೀವಕ್ಕೆ ಅಪಾಯವಿಲ್ಲ, ಬಲಗೈಯ ಎರಡು ಬೆರಳಿಗೆ ಜೋಮು ಹಿಡಿದಿದೆ, ತಾನಾಗಿ ಬಿಡಬಹುದು ಎಂದರು. ಆ 'ಬಹುದು' ಎಂಬ ಮಾತನ್ನು ಕಟ್ಟಿಕೊಂಡು ಮನೆಗೆ ಬಂದೆವು. ಆ ಎರಡು ಬೆರಳಿನಿಂದಲೇ ಅವಳು ಕೊಂಡಿ ಹಾಕುತ್ತಿದ್ದದ್ದು.

ಮರುದಿನ ಕಾಕಾ ತಾನೇ ಕೊಂಡಿ ಹಾಕಲು ಕೂತ. ಸಂಜೆಯವರೆಗೆ ಒಂದು ಗೇಣೂ ಆಗಲಿಲ್ಲ, ಆದದ್ದರಲ್ಲಿ ಅರ್ಧ ಜಾರಿತು. ಕಾಕು ಹಾಸಿಗೆಯಿಂದಲೇ ನೋಡುತ್ತಿದ್ದಳು. ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ. "ಇಷ್ಟ ವರ್ಷದಾಗ ನೀವು ಹಾಕಿದ ಕೊಂಡಿ ಒಂದರ ಐತೇನ್ರಿ?" ಎಂದು ಕೇಳಿದಳು.

ಕಾಕಾ ಎದ್ದು, ಚಪ್ಪಲಿ ಮೆಟ್ಟದೆ ಮಾಬುಸಾಬನ ಮನೆಗೆ ನಡೆದ. ಅವನು ಊಟಕ್ಕೆ ಕೂತಿದ್ದನಂತೆ. ಕೈ ತೊಳೆದು ಬಂದ. ಮೊದಲು ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಿದ. ಆಮೇಲೆ ಕಾಕಾನ ಟೆಸ್ಟರನ್ನು ಚಾಲೂ ಇದ್ದ ಪ್ಲಗ್ಗಿಗೆ ಹಚ್ಚಿ ನೋಡಿದ. ಹೊತ್ತಲಿಲ್ಲ. "ಇದು ಸತ್ತೈತ್ರಿ. ಕರೆಂಟ್ ಇದ್ದಲ್ಲಿ ಹೊತ್ತತೈತೋ ಇಲ್ಲೋ ನೋಡಿ, ಆಮ್ಯಾಲ ಇಲ್ಲದಲ್ಲಿ ನೋಡಬೇಕು" ಎಂದ. ಮೇನ್ ಬಂದ್ ಮಾಡಿ ಕಾಕಾನ ಕುಣಿಕೆಗಳನ್ನು ಬಿಚ್ಚಿದ. ನಗಲಿಲ್ಲ. "ಕೊಂಡಿ ಚಂದ ಹಾಕೀರಿ, ಅಣ್ಣಾರ. ಸೀರಿಗೆ ಹಾಕಬೇಕಿತ್ತು" ಎಂದ. ಕಾಕಾ ಏಣಿ ಹಿಡಿದು ನಿಂತಿದ್ದ.

ಕಾಕುವಿನ ಬೆರಳು ಸರಿಯಾಗಲು ಇಪ್ಪತ್ತು ದಿನ ಹಿಡಿಯಿತು. ಮೊದಲ ಕೊಂಡಿ ಕೂತ ದಿನ ಕಾಕಾ ಅದನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಭಾಷಣ ನಿಂತಿತು. ಯಾರಾದರೂ ಕೊಂಡಿಯ ಬಗ್ಗೆ ಕೇಳಿದರೆ, "ಅಕಿನ್ನ ಕೇಳ್ರಿ" ಎನ್ನುತ್ತಿದ್ದ. ನಳ ಮಾತ್ರ ಕೊನೆಯವರೆಗೂ ಮೇಲೆತ್ತಿ, ಒತ್ತಿ, ಎಡಕ್ಕೆ. ಮನುಷ್ಯ ಒಂದೇ ಸಲ ಅಷ್ಟೊಂದು ಸುಧಾರಿಸಲಾರ.

ನಾನು ಬಾಗಲಕೋಟೆಯಲ್ಲಿ ಮನೆ ಕಟ್ಟಿಸಿದಾಗ ಕಾಕಾ ಈ ಡಬ್ಬಿ ತಂದುಕೊಟ್ಟ. "ಕಾಕಾ, ಟೆಸ್ಟರ್ ಕೆಟ್ಟೈತಲ್ಲ" ಎಂದೆ.

"ಗೊತ್ತೈತಿ."

"ಮತ್ತ ಯಾಕ ಕೊಡ್ತಿ?"

"ನಾ ಇಟ್ಕೊಂಡಿದ್ದು ಯಾಕಂತಿ? ಇರಲಿ, ಇಟ್ಕೊ" ಎಂದ.

ಇಟ್ಟುಕೊಂಡೆ, ಮರೆತೂಬಿಟ್ಟೆ. ಈಗ ನಾನು ದುರಸ್ತಿ ಕಲಿಯುವುದು ಮೊಬೈಲಿನ ವಿಡಿಯೋ ನೋಡಿ. ಅಲ್ಲಿ ಎಲ್ಲರ ನಳವೂ ಎರಡು ನಿಮಿಷದಲ್ಲಿ ಸರಿಯಾಗುತ್ತದೆ. ಹೋದ ತಿಂಗಳು ನನ್ನ ನಳಕ್ಕೆ ಎರಡು ದಿನ ಹಿಡಿಯಿತು, ನೆಲ ಒರೆಸಲು ಹೆಂಡತಿಗೆ ಮೂರನೆಯ ದಿನ.

"ಸಿಕ್ಕಿತೇನ್ರಿ?" ಎಂದು ಬಚ್ಚಲಮನೆಯಿಂದ ಅವಳ ದನಿ ಬಂತು. ಟೆಸ್ಟರನ್ನು ಕಿಸೆಗೆ ಹಾಕಿಕೊಂಡು ಪಡಸಾಲೆಗೆ ಹೋಗಿ ಮೇನ್ ಬಂದ್ ಮಾಡಿದೆ. ಫ್ಯಾನು ನಿಂತಿತು, ಫ್ರಿಜ್ಜಿನ ಸದ್ದೂ ನಿಂತಿತು. ಬಂದು ಅವಳ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡೆ.

"ಮೇನ್ ಬಂದ್ ಮಾಡೀರಲ್ಲ, ಇನ್ನ ನಾನ ಒರಸತೇನಿ ಕೊಡ್ರಿ" ಎಂದಳು.

"ಬ್ಯಾಡ. ನೀ ಸ್ಟೂಲ್ ಹಿಡಿ" ಎಂದು ನಾನು ಹತ್ತಿದೆ.